ಅವ್ವನ ಪ್ರಶ್ನೆಗೆ ಏನು ಹೇಳಲಿ?

ಕೇಳಿದವರು, ಗೋಕಾಕ ತಾಲೂಕು:

ಅಪ್ಪ ಕಬ್ಬು ಕಡಿಯುವ ಕೆಲಸಕ್ಕೆ ಹೋಗಿದ್ದ. ಬಾಕಿ ಪಗಾರ ಕೇಳಿದ್ದಕ್ಕೆ ಹೊಲದ ಮಾಲಕ ಮತ್ತು ಅವನ ಮಕ್ಕಳು ಕೈ ಮುರಿಯುವ ಹಾಗೆ ಹೊಡೆದರು. ಕೇಸ್ ಆಗಿದೆ, ಅವರಿಗೆ ಜಾಮೀನೂ ಸಿಕ್ಕಿದೆ. ಊರ ಜಾತ್ರೆಯಲ್ಲಿ ಮೊದಲ ಕಾಯಿ ಒಡೆದವರೂ ಅವರೇ. ಅವತ್ತಿನಿಂದ ಅವ್ವ ಜಗಲಿ ಮೇಲಿನ ದೇವರಿಗೆ ದೀಪ ಹಚ್ಚಿಲ್ಲ. ಪ್ರತಿ ವರ್ಷ ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಪಡ್ಡಲಗಿ (ದೇವಿಯ ನೈವೇದ್ಯದ ಬುಟ್ಟಿ) ತುಂಬಿಸುತ್ತಿದ್ದವಳು, ಈ ಸಲ ಹೋಗುವುದಿಲ್ಲ ಅಂದಳು. "ನಾವೇನ್ ತಪ್ಪ ಮಾಡೇವಿ? ಎಲ್ಲವ್ವ ಯಾಕ ಸುಮ್ಮನ ಕುಂತಾಳ?" ಅಂತ ನನ್ನನ್ನು ಕೇಳುತ್ತಾಳೆ. ಹೋದ ಜನ್ಮದ ಕರ್ಮ ಅಂತ ಕಾಕಾ ಹೇಳಿದ. ಅವ್ವ ಎರಡು ದಿನ ಊಟ ಬಿಟ್ಟಳು. ಇಂಥದ್ದನ್ನು ಕಂಡವರು ಯಾರಾದರೂ ಇದ್ದರೆ ಹೇಳಿ.

ಅಥಣಿ ಕಡೆಯವಳು:

ತಮ್ಮಾ, ಮೊದಲು ಆ ಕರ್ಮದ ಮಾತನ್ನು ಮನೆಯಲ್ಲಿ ನಿಲ್ಲಿಸು. ಹೊಡೆದವನ ಪಾಪವನ್ನು ಹೊಡೆತ ತಿಂದವರ ತಲೆಗೆ ಕಟ್ಟುವ ಮಾತು ಅದು.

ನನ್ನ ಅವ್ವನಿಗೆ ಹನ್ನೊಂದು ವರ್ಷ ಇದ್ದಾಗ ಎಲ್ಲಮ್ಮನ ಹೆಸರಲ್ಲೇ ಮುತ್ತು ಕಟ್ಟಿದರು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ ಬಂದಿದ್ದು 1982ರಲ್ಲಿ. ಅಷ್ಟರಲ್ಲಿ ಅವ್ವನ ಕೊರಳಿಗೆ ಮುತ್ತು ಬಿದ್ದಿತ್ತು. ಕಾಲೇಜಿಗೆ ಹೋಗುವಾಗ ಒಂದು ದಿನ ಸಿಟ್ಟು ಬಂದು ಕೇಳಿದೆ, ನಿನ್ನ ಬಾಳು ಹಾಳು ಮಾಡಿದವಳ ಫೋಟೋ ಯಾಕೆ ಇಟ್ಟುಕೊಂಡಿದ್ದೀ ಅಂತ. ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಮುತ್ತು ಕಟ್ಟಿದವರು ಮಂದಿ. ಆಕಿನ್ನ ಯಾರರ ಕೇಳಿದ್ರೇನು?" ಅಂದಳು. ಮತ್ತೊಂದು ರೊಟ್ಟಿ ಬೇಯುವ ತನಕ ಮಾತಿಲ್ಲ. ಆಮೇಲೆ ಮೆಲ್ಲಗೆ, "ಆಕಿ ತಲೀನ ಕಡಿಸ್ಯಾರ, ಮಗಳ. ಆಕಿಗೆ ಗೊತ್ತೈತಿ" ಅಂದಳು.

ಕಥೆ ನಿಮಗೂ ಗೊತ್ತಿರುತ್ತದೆ. ಎಲ್ಲಮ್ಮ ಅಂದರೆ ರೇಣುಕೆ. ಆಕೆಯ ಮೇಲೆ ಗಂಡ ಜಮದಗ್ನಿ ಸಂಶಯಪಟ್ಟ. ಹೆತ್ತ ಮಗ ಪರಶುರಾಮನೇ ಕೊಡಲಿ ಎತ್ತಿದ. ಹೊಸ್ತಿಲ ಹುಣ್ಣಿಮೆಗೆ ಆ ತಾಯಿ ವಿಧವೆ ಆಗುತ್ತಾಳೆ ಅಂತ ಇವತ್ತಿಗೂ ಬಳೆ ಒಡೆಯುತ್ತಾರೆ. ತಪ್ಪು ಮಾಡದೆ ಶಿಕ್ಷೆ ಉಂಡವಳು ಅಂತಲೇ ಅವ್ವನಂಥವರು ಆ ಗುಡ್ಡ ಹತ್ತುತ್ತಿದ್ದರು ಅಂತ ನನಗೆ ಆಮೇಲೆ ಹೊಳೆಯಿತು. ನನಗೆ ಇದು ಉತ್ತರ ಆಗಲಿಲ್ಲ. ಈಗಲೂ ನಾನು ಕಾಯಿ ಒಡೆಯುವುದಿಲ್ಲ. ಅವ್ವನಿಗೆ ಮಾತ್ರ ಸಾಯುವ ತನಕ ಅದು ಸಾಕಾಯಿತು.

ನಿಮ್ಮ ಅವ್ವನಿಗೆ ದೀಪ ಹಚ್ಚು ಅಂತ ಒತ್ತಾಯ ಮಾಡಬೇಡ. ದೇವಿಯನ್ನು ಬೈದರೆ ಬೈಯಲಿ. ಬೈಗುಳವೂ ಮಾತೇ ಅಲ್ವಾ?

ಸಿಂದಗಿಯಿಂದ:

ನಮ್ಮ ಅಣ್ಣನ ಮೇಲೆ ಮಾಡದ ಕಳ್ಳತನ ಹೊರಿಸಿ ಕಟ್ಟಿ ಹೊಡೆದಿದ್ದರು. ಅಪ್ಪ ಆರು ತಿಂಗಳು ಸರಿಯಾಗಿ ಮಾತಾಡಲಿಲ್ಲ. ನಮಾಜ್‌ಗೆ ಹೋಗುತ್ತಿದ್ದರು, ಸುಮ್ನೆ ಬರುತ್ತಿದ್ದರು. ಆ ವರ್ಷದ ಮೊಹರಮ್‌ನಲ್ಲಿ ಅವರ ದನಿ ಹೊರಬಂತು. ನಮ್ಮ ಕಡೆ ರಿವಾಯತ್ ಪದಗಳನ್ನು (ಮೊಹರಮ್ ಹಾಡುಗಳನ್ನು) ಕನ್ನಡದಲ್ಲೇ ಹಾಡುತ್ತೇವೆ, ಲಿಂಗಾಯತರು, ಕುರುಬರು, ಎಲ್ಲರೂ ಹೆಜ್ಜೆ ಹಾಕುತ್ತಾರೆ. 680ರ ಕರ್ಬಲಾದ ಕಥೆ. ಹತ್ತಿರದಲ್ಲೇ ಯೂಫ್ರೆಟಿಸ್ ಹೊಳೆ, ಪ್ರವಾದಿಯವರ ಮೊಮ್ಮಗ ಹುಸೇನರ ಮಕ್ಕಳಿಗೆ ಕುಡಿಯಲು ನೀರಿಲ್ಲ. ಕೊನೆಗೂ ಅವರನ್ನು ಬಿಡಿಸಲು ಯಾರೂ ಬರುವುದಿಲ್ಲ. ಅಪ್ಪ ಹಾಡುತ್ತಾ ಅತ್ತರು. ಪಕ್ಕದಲ್ಲಿದ್ದ ಗೌಡರ ಮುದುಕರೂ ಅತ್ತರು. ಮನೆಯ ನಾಲ್ಕು ಗೋಡೆ ನಡುವೆ ಆಗದಿದ್ದದ್ದು ಅಲ್ಲಿ ಆಯಿತು. ನಿಮ್ಮ ಅವ್ವನ ಜೊತೆ ಕೂತು ಅಳುವವರು ಇದ್ದಾರಾ? ಇದ್ದರೆ ಕರೆಸಿ.

ಹೆಸರು ಬೇಡ, ಬಾಗಲಕೋಟೆ ಜಿಲ್ಲೆ:

ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮೂರಲ್ಲಿ ಒಬ್ಬ ವಿಧವೆಯ ಹೊಲದ ಬದು ಒತ್ತಿ, ಕೇಳಲು ಹೋದವಳನ್ನು ಕೆಡವಿ ಒದ್ದರು. ನಾನು ಎತ್ತು ಹೊಡೆದುಕೊಂಡು ಬರುತ್ತಿದ್ದೆ, ಎಲ್ಲ ನೋಡಿದೆ. ಪೊಲೀಸರು ಕೇಳಿದಾಗ "ನಾನು ಅಲ್ಲಿರಲಿಲ್ಲ" ಅಂದೆ. ಒದ್ದವರ ಬೋರಿನ ನೀರು ನನ್ನ ಹೊಲಕ್ಕೆ ಬರುತ್ತಿತ್ತು.

ಮುಂದಿನ ಸೋಮವಾರ ಆ ತಾಯಿ ಹನಮಪ್ಪನ ಗುಡಿಯೊಳಗೆ ನಿಂತು, "ನೀನರ ನೋಡಿದಿಲ್ಲೋ, ಹೇಳೋ" ಅಂತ ಕೂಗುತ್ತಿದ್ದಳು. ನಾನು ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಹೋಗಲು ಕಾಲು ಬರಲಿಲ್ಲ. ಎಂಟು ತಿಂಗಳ ನಂತರ ಸಾಕ್ಷಿ ಹೇಳಿದೆ. ತಡವಾಗಿತ್ತು, ಅವರ ವಕೀಲರು ಅದನ್ನೇ ಹಿಡಿದು ಎಳೆದರು. ನೀರು ನಿಂತಿತು. ಆ ತಾಯಿ ಇನ್ನೂ ನನ್ನ ಜೊತೆ ಮಾತಾಡಿಲ್ಲ, ಮಾತಾಡಬೇಕು ಅಂತ ನಾನು ಕೇಳಿಯೂ ಇಲ್ಲ.

ದೇವರು ಯಾಕೆ ಸುಮ್ಮನಿದ್ದ ಅಂತ ನನಗೆ ಗೊತ್ತಿಲ್ಲ. ನಾನು ಯಾಕೆ ಸುಮ್ಮನಿದ್ದೆ ಅಂತ ಗೊತ್ತು. ನಿಮ್ಮ ಅಪ್ಪನಿಗೆ ಹೊಡೆಯುವಾಗ ನೋಡಿದವರು ಇದ್ದೇ ಇರುತ್ತಾರೆ. ಅವರ ಮನೆಗೆ ಹೋಗಿ. ಜಗಳ ಬೇಡ. ಅವ್ವನನ್ನೂ ಕರೆದುಕೊಂಡು ಹೋಗಿ ಸುಮ್ನೆ ಕೂತುಕೊಳ್ಳಿ.

ಬೆಳಗಾವಿ, ವಕೀಲರ ಹತ್ತಿರ ಕೆಲಸ ಮಾಡುವವನು:

15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಕಡಿಮೆ ಆದಾಯದವರಿಗೆ ವಕೀಲರು ಉಚಿತ. ಅಪ್ಪ ಪರಿಶಿಷ್ಟ ಜಾತಿ, ಪಂಗಡದವರಾದರೆ ಆದಾಯವನ್ನೂ ನೋಡುವುದಿಲ್ಲ. ಮುಂಗಡ ಕೊಟ್ಟು ದುಡಿಸಿಕೊಂಡು, ಬಿಟ್ಟು ಹೋಗಲು ಬಿಡದಿದ್ದರೆ ಅದು ಜೀತ. 1976ರ ಕಾನೂನು ಅದಕ್ಕೂ ಇದೆ, ವಕೀಲರಿಗೆ ಇದನ್ನು ಮರೆಯದೆ ಹೇಳಿ.

ಕೇಳಿದವರು:

ಅಥಣಿ ಅಕ್ಕನ ಮಾತನ್ನು ಅವ್ವನಿಗೆ ಓದಿ ಹೇಳಿದೆ. "ಆಕಿ ತಲೀನ ಕಡಿಸ್ಯಾರ" ಅನ್ನುವಲ್ಲಿ, ಇನ್ನೊಮ್ಮೆ ಓದು ಅಂದಳು. ದೀಪ ಹಚ್ಚಲಿಲ್ಲ. ಜಗಲಿ ಮುಂದೆ ಕೂತು ಅರ್ಧ ಗಂಟೆ ಬೈದಳು. ರಾತ್ರಿ ಎರಡು ರೊಟ್ಟಿ ತಿಂದಳು. ಅವತ್ತು ಪಕ್ಕದ ಹೊಲದಲ್ಲಿ ಗಂಡ ಹೆಂಡತಿ ಇದ್ದರು. ನಾಳೆ ಮುಂಜಾನೆ ಅವರ ಮನೆಗೆ ಹೋಗುತ್ತೇವೆ. ತಾನೂ ಬರುತ್ತೇನೆ ಅಂದಿದ್ದಾಳೆ.