25,000 ರೂಪಾಯಿಯೊಳಗೆ ಯಾವ ಪ್ರೊಸೆಸರ್? ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಮುಳ್ಳೇರಿಯದಿಂದ: ಮನೆಯ ಕಂಪ್ಯೂಟರಿನಲ್ಲಿ ಐ3-7100 ಪ್ರೊಸೆಸರ್, ಎಚ್110 ಮದರ್‌ಬೋರ್ಡ್ ಮತ್ತು 8 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು, ವಿಂಡೋಸ್ 11ರ ಅರ್ಹರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ತೋಟದ ಲೆಕ್ಕ, ಕನ್ನಡ ಟೈಪಿಂಗ್, ಪ್ಲಸ್ ಟು ಓದುವ ಮಗಳ ಪ್ರೋಗ್ರಾಮಿಂಗ್, ಇಷ್ಟೇ ಕೆಲಸ. ಪ್ರೊಸೆಸರ್ ಮಾತ್ರ ಬದಲಾಯಿಸಿದರೆ ಸಾಕೇ, ಬೋರ್ಡೂ ಬೇಕೇ?

ಉಪ್ಪಳದ ಡಿಟಿಪಿ: ಪ್ರೊಸೆಸರ್ ಮಾತ್ರ ಸಾಕೆನ್ನುವವರ ಮಾತು ನಂಬಬೇಡಿ. ನನ್ನಲ್ಲಿದ್ದದ್ದೂ ಎಚ್110 ಬೋರ್ಡೇ. ಹಳೆಯದೂ ಹೊಸದೂ ಕೂರುವುದು 1151 ಸಾಕೆಟ್ಟಿನಲ್ಲೇ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ತಾನೇ ಎಂದು ಒಬ್ಬ ಅಂಗಡಿಯವರು 5,200 ರೂಪಾಯಿಗೆ ಬಳಸಿದ ಐ3-8100 ಕೊಟ್ಟರು. ಎಂಟನೇ ತಲೆಮಾರಿನ ಈ ಪ್ರೊಸೆಸರಿಗೆ 300ರ ಸರಣಿಯ ಬೋರ್ಡೇ ಆಗಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಫ್ಯಾನ್ ತಿರುಗಿತು, ಪರದೆಯಲ್ಲಿ ಏನೂ ಮೂಡಲಿಲ್ಲ. ಹಿಂದಿರುಗಿಸಲು ಹೋದರೆ 700 ರೂಪಾಯಿ ಕಡಿತ, ಬಿಚ್ಚಿ ನೋಡಿದ್ದಕ್ಕೆ 250, ಥರ್ಮಲ್ ಪೇಸ್ಟಿಗೆ 120. ಅದೂ ಮದುವೆ ಕಾಗದಗಳ ಕೆಲಸ ತಲೆಯ ಮೇಲೆ ಕುಳಿತಿದ್ದ ಸಮಯದಲ್ಲಿ. ಕೊನೆಗೆ ಬೇರೆ ಕಡೆಯಿಂದ ಐ5-12400ನ್ನು 14,300ಕ್ಕೆ, ಎಚ್610 ಬೋರ್ಡನ್ನು 6,700ಕ್ಕೆ, 500 ಜಿಬಿಯ ಎಸ್‌ಎಸ್‌ಡಿಯನ್ನು 3,100ಕ್ಕೆ ತಂದು, ಹಳೆಯ ರ‍್ಯಾಮನ್ನೇ ಕೂರಿಸಿದೆ. ಒಟ್ಟು 24,100. ಹೆಸರಿನ ಕೊನೆಗೆ ಎಫ್ ಇರುವ 12400ಎಫ್ ಅಗ್ಗವೆಂದು ಯಾರಾದರೂ ತೋರಿಸಿದರೆ ಕೈ ಮುಗಿದು ಬನ್ನಿ. ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದೆ ಚಿತ್ರವೇ ಬರುವುದಿಲ್ಲ.

ಪೆರ್ಲದ ವಿದ್ಯಾರ್ಥಿ: ಉಪ್ಪಳದ ಅಣ್ಣ ಖರ್ಚು ಮಾಡಿದ್ದಕ್ಕಿಂತ ನಾನು ಸುಮಾರು ನಾಲ್ಕು ಸಾವಿರ ಉಳಿಸಿದ್ದೇನೆ. ರೈಜೆನ್ 5 5600ಜಿಗೆ 11,800, ಬಿ450 ಬೋರ್ಡಿಗೆ 5,900, ಇನ್ನೊಂದು 8 ಜಿಬಿ ರ‍್ಯಾಮಿಗೆ 1,700. ರ‍್ಯಾಮಿನ ಬೆಲೆ 2025ರ ಕೊನೆಗೆ ಏರುವ ಮೊದಲಿನ ಮಾತಿದು. 12400ರ ಹಾಗೆ ಇದರಲ್ಲಿಯೂ 6 ಕೋರ್ (ಕೆಲಸ ಮಾಡುವ ಘಟಕ), 12 ಥ್ರೆಡ್ (ಒಮ್ಮೆಲೇ ನಡೆಸಬಲ್ಲ ಕೆಲಸದ ಸಾಲು). ಒಳಗಿರುವ ವೇಗಾ ಗ್ರಾಫಿಕ್ಸ್ 12400ರ ಯುಎಚ್‌ಡಿ 730ಕ್ಕಿಂತ ಬಹಳ ಮುಂದಿದೆ, ಆದರೆ ರ‍್ಯಾಮ್ ಜೋಡಿಯಾಗಿರಬೇಕು. ತೊಂದರೆ ಕೊಟ್ಟದ್ದು ಬೋರ್ಡಿನ ಬಯಾಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಒಳತಂತ್ರಾಂಶ. ಹಳೆಯ ದಾಸ್ತಾನಾದ್ದರಿಂದ 5000ರ ಸರಣಿಯನ್ನು ಅದು ಗುರುತಿಸಲೇ ಇಲ್ಲ. ಮಾರಿದವರೇ ಬಯಾಸ್ ನವೀಕರಿಸಲು 800 ಕೇಳಿದರು, ಮಂಗಳೂರಿಗೆ ಮತ್ತೆ ಬಸ್ಸಿನ ಖರ್ಚು ಬೇರೆ. ಕೊಳ್ಳುವಾಗಲೇ ಬಯಾಸ್ ಆವೃತ್ತಿಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಉಪ್ಪಳದ ಡಿಟಿಪಿ: ತಮ್ಮಾ, ಆಟವಾಡುತ್ತೇನೆಂದು ಪ್ರಶ್ನೆ ಕೇಳಿದವರು ಎಲ್ಲಿ ಹೇಳಿದ್ದಾರೆ? ಗ್ರಾಫಿಕ್ಸ್ ಇಲ್ಲದ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ನೆನಪು) ಇದ್ದರೆ ನಿನ್ನ 5600ಜಿಯಲ್ಲಿ 16 ಮಾತ್ರ. 2022ರಲ್ಲೇ ಹೊಸ ಎಎಂ5 ಸಾಕೆಟ್ ಬಂದ ಮೇಲೆ ನಿನ್ನ ಹಳೆಯ ಎಎಂ4 ಸಾಕೆಟ್ಟಿಗೆ ಹಣ ಹಾಕಿ ಉಳಿತಾಯದ ಪಾಠ ಹೇಳುವುದು ಬೇಡ.

ಪೆರ್ಲದ ವಿದ್ಯಾರ್ಥಿ: ನಿಮ್ಮ 12400 ಕೂರುವ 1700 ಸಾಕೆಟ್ಟೂ 14ನೇ ತಲೆಮಾರಿಗೆ ಮುಗಿಯಿತಲ್ಲ. ಅದಕ್ಕೆ ಯಾವ ಹೆಸರು?

ನೀರ್ಚಾಲಿನ ನಿವೃತ್ತ ಮಾಷ್ಟ್ರು: ಇಬ್ಬರೂ ಹೊಸ ಬೋರ್ಡನ್ನು ಕೊಳ್ಳಿಸುವ ಅವಸರದಲ್ಲಿದ್ದೀರಿ. ಎಚ್110ರಲ್ಲಿ ಅದೇ ಏಳನೇ ತಲೆಮಾರಿನ ಐ7-7700 ಕೂರುತ್ತದೆ. 7100ರ 2 ಕೋರ್, 4 ಥ್ರೆಡ್ ಇದ್ದಲ್ಲಿ 4 ಕೋರ್, 8 ಥ್ರೆಡ್ ಸಿಗುತ್ತದೆ. ನಾನು ಬಳಸಿದ ಪ್ರೊಸೆಸರಿಗೆ 4,900, 240 ಜಿಬಿಯ ಎಸ್‌ಎಸ್‌ಡಿಗೆ 1,650 ಕೊಟ್ಟು 6,550ರಲ್ಲಿ ಕೆಲಸ ಮುಗಿಸಿದೆ. ವಿಂಡೋಸ್ 11 ಇದಕ್ಕೂ ಅಧಿಕೃತವಾಗಿ ಇಲ್ಲ, ನನಗೆ ಬೇಕಾಗಿಯೂ ಇಲ್ಲ. ನಮ್ಮ ಕೇರಳದ ಶಾಲೆಗಳಲ್ಲಿ ಮಕ್ಕಳು ಸರಕಾರಿ ಸಂಸ್ಥೆಯಾದ ಕೈಟ್ ಒದಗಿಸಿದ ಲಿನಕ್ಸಿನಲ್ಲಿಯೇ (ವಿಂಡೋಸ್‌ಗೆ ಬದಲಾಗಿ ಬಳಸುವ ಉಚಿತ ವ್ಯವಸ್ಥೆ) ಕಲಿಯುತ್ತಿರುವಾಗ ಮನೆಗೆ ಬಂದ ಕೂಡಲೇ ವಿಂಡೋಸ್ ಏಕೆ ಬೇಕಾಗುತ್ತದೆಯೋ ನನಗೆ ಅರ್ಥವಾಗಿಲ್ಲ.

ಉಪ್ಪಳದ ಡಿಟಿಪಿ: ಮಾಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತವನ್ನು ಗಿರಾಕಿ ತಂದು, ಪೇಜ್‌ಮೇಕರಿನಲ್ಲಿ ತಿದ್ದಿಕೊಡಿ ಎಂದಾಗ ನಿಮ್ಮ ಲಿನಕ್ಸನ್ನು ತೋರಿಸಿದರೆ ಅವನು ಎದುರಿನ ಅಂಗಡಿಗೆ ಹೋಗುತ್ತಾನೆ. ಪಿಂಚಣಿ ಬರುವವರಿಗೆ ಸಿದ್ಧಾಂತ ಸುಲಭ.

ನೀರ್ಚಾಲಿನ ನಿವೃತ್ತ ಮಾಷ್ಟ್ರು: ನನ್ನ ಪಿಂಚಣಿಗೂ ಪ್ರೊಸೆಸರಿಗೂ ಸಂಬಂಧವಿಲ್ಲ. ಪ್ರಶ್ನೆ ಕೇಳಿದವರಿಗೆ ಅಂಗಡಿ ಇಲ್ಲ, ತೋಟ ಇದೆ.

ಬಾಯಾರಿನ ಕೃಷಿಕ: ತೋಟವಿದ್ದವರಿಗೆ ಸಿಡಿಲೂ ಇದೆ ಎಂಬುದನ್ನು ನೀವು ಯಾರೂ ಹೇಳಲಿಲ್ಲ. ತುಲಾಮಳೆಯ (ಹಿಂಗಾರಿನ) ಒಂದು ಸಂಜೆ ಪ್ಲಗ್ ಕಿತ್ತಿಟ್ಟಿದ್ದರೂ ಮೋಡೆಮ್ಮಿನ ಲ್ಯಾನ್ ತಂತಿಯ ಮೂಲಕ ಬಂದ ಸಿಡಿಲು ನನ್ನ ಎಚ್81 ಬೋರ್ಡನ್ನು ಸುಟ್ಟಿತು. ಐ5-4460 ಪ್ರೊಸೆಸರಿಗೆ ಏನೂ ಆಗಿರಲಿಲ್ಲ, ಆದರೆ 1150 ಸಾಕೆಟ್ಟಿನ ಹೊಸ ಬೋರ್ಡ್ ಎಲ್ಲಿಯೂ ಇರಲಿಲ್ಲ. ಬಳಸಿದ ಬೋರ್ಡಿಗೆ 3,400 ಕೊಟ್ಟೆ. ಅದರ ಒಂದು ರ‍್ಯಾಮ್ ಸ್ಲಾಟ್ ಸತ್ತಿತ್ತು, ಮುಂದಿನ ಮಳೆಗಾಲಕ್ಕೆ ಅದೂ ಹೋಯಿತು. ಒಳ್ಳೆಯ ಪ್ರೊಸೆಸರನ್ನು ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಐ3-12100, ಬೋರ್ಡ್, ರ‍್ಯಾಮ್ ಎಲ್ಲವನ್ನೂ ಹೊಸತಾಗಿ ತಂದೆ. ಅರ್ಥಿಂಗ್ ಮಾಡಿಸಲು ಮತ್ತೆ 4,500. ಸಿಡಿಲಿನಿಂದ ಸುಟ್ಟದ್ದಕ್ಕೆ ವಾರಂಟಿ ಇಲ್ಲ. ನಮ್ಮ ಕಡೆಯವರು ಪ್ರೊಸೆಸರ್ ಆರಿಸುವಾಗ ಅದರ ವೇಗಕ್ಕಿಂತ ಮೊದಲು, ಐದು ವರ್ಷದ ನಂತರ ಅದಕ್ಕೆ ಬೋರ್ಡ್ ಸಿಗುವುದೇ ಎಂಬುದನ್ನು ನೋಡಬೇಕು. ಮಾಷ್ಟ್ರ ಐ7 ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಪೆರ್ಲದ ವಿದ್ಯಾರ್ಥಿ: ಈಗ ಎಲ್ಲೆಡೆ ಫೈಬರ್ ಅಲ್ಲವೇ? ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಬಾಯಾರಿನ ಕೃಷಿಕ: ಮನೆಗೆ ಎಳೆಯುವ ಎಷ್ಟೋ ಫೈಬರ್ ಕೇಬಲ್ಲುಗಳಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ. ಮೋಡೆಮ್ಮಿನಿಂದ ಕಂಪ್ಯೂಟರಿಗೆ ಬರುವುದು ತಾಮ್ರ. ಪುಸ್ತಕದ ಗಾಜನ್ನು ಪುಸ್ತಕದಲ್ಲಿಯೇ ಇಟ್ಟುಕೊಳ್ಳಿ.

ಬದಿಯಡ್ಕದ ಅಂಗಡಿಯವರು: ಬಹಳ ಹೊತ್ತಿನಿಂದ ಅಂಗಡಿಯವರನ್ನು ಬೈಯುವುದನ್ನೇ ಓದುತ್ತಿದ್ದೇನೆ. ಐನೂರು ರೂಪಾಯಿ ಉಳಿಯಿತೆಂದು ಪೆಟ್ಟಿಗೆಯಿಲ್ಲದ ಟ್ರೇ ಪ್ರೊಸೆಸರನ್ನು ಎಲ್ಲಿಂದಲೋ ತರಿಸುತ್ತೀರಿ; ಜೊತೆಗೆ ಕೂಲರ್ ಇರುವುದಿಲ್ಲ, ಪೆಟ್ಟಿಗೆಯ ಸರಕಿಗೆ ತಯಾರಕರು ಕೊಡುವ 3 ವರ್ಷದ ವಾರಂಟಿಯೂ ಇರುವುದಿಲ್ಲ. ಬಳಿಕ ಜೋಡಿಸಿ ಕೊಡಿ ಎಂದು ನಮ್ಮಲ್ಲಿಗೆ ಬರುತ್ತೀರಿ, ಬಾಗಿದ ಪಿನ್ನಿಗೂ ನಾವೇ ಹೊಣೆ. ಬಿಲ್ಲಿನೊಂದಿಗೆ ಕೊಟ್ಟರೆ 18 ಶೇಕಡಾ ಜಿಎಸ್‌ಟಿಯೂ ನಮ್ಮದೇ ತಪ್ಪು.

ಉಪ್ಪಳದ ಡಿಟಿಪಿ: ಐ3-8100ಕ್ಕೆ ನನಗೆ ಸಿಕ್ಕಿದ್ದು ತುಂಡು ಕಾಗದದ ಬಿಲ್ಲು. ಆ ಜಿಎಸ್‌ಟಿ ಎಲ್ಲಿಗೆ ಹೋಯಿತೆಂದೂ ಹೇಳಿಬಿಡಿ.

ಬದಿಯಡ್ಕದ ಅಂಗಡಿಯವರು: ಕೊಟ್ಟವರನ್ನು ಕೇಳಿ.

ಮುಳ್ಳೇರಿಯದಿಂದ: ಎಲ್ಲರಿಗೂ ವಂದನೆ. ಹಾಗಾದರೆ ಹಳೆಯ ರ‍್ಯಾಮನ್ನು ಉಳಿಸಿಕೊಂಡು 12100 ಅಥವಾ 12400 ಹಾಕಬಹುದೆಂದು ತಿಳಿಯಲೇ?

ಬದಿಯಡ್ಕದ ಅಂಗಡಿಯವರು: ಹಾಕಬಹುದು. ಎಚ್610 ಎಂಬ ಒಂದೇ ಹೆಸರಿನಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. ಪೆಟ್ಟಿಗೆಯ ಬದಿಯನ್ನು ಓದದೆ ಹಣ ಕೊಡಬೇಡಿ. ನಿಮ್ಮ ಕೆಲಸಕ್ಕೆ 12100 ಧಾರಾಳ.

ಉಪ್ಪಳದ ಡಿಟಿಪಿ: 12400.