ಪದಚರ್ಚೆ: ಪರದೆ, ತೆರೆ, ಮಾನಿಟರ್ ಮೂರೂ ಒಂದೇನಾ? ವ್ಯೂಪೋರ್ಟ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ವೆಬ್‌ಸೈಟ್ ಟೆಸ್ಟ್ ಮಾಡುವವರು ಎಂಥ ಕಂಪ್ಯೂಟರ್, ಎಂಥ ಮಾನಿಟರ್ ಇಟ್ಟುಕೊಳ್ಳಬೇಕು ಅನ್ನುವ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ವಿಷಯ ಗೊತ್ತಿದೆ, ದಿನಾ ಮಾಡುವ ಕೆಲಸವೇ. ಆದರೆ ಬರೆಯಲು ಕೂತ ಮೇಲೆ ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ತೊಂದರೆ ಶುರುವಾದದ್ದು ನಾನೇ ಬರೆದ ಒಂದು ಸಾಲಿನಿಂದ. "1920 ಅಗಲದ ಪರದೆಯಲ್ಲಿ ಮೂರು ಕಾಲಂ ಕಾಣಬೇಕು" ಅಂತ ಟೆಸ್ಟ್ ಪಟ್ಟಿಯಲ್ಲಿ ಬರೆದಿದ್ದೆ. ಜೊತೆಯಲ್ಲಿ ಕೆಲಸ ಮಾಡುವ ಗೆಳತಿ ತಮ್ಮ ಲ್ಯಾಪ್‌ಟಾಪಿನಲ್ಲಿ ನೋಡಿ, "ಎರಡೇ ಕಾಲಂ ಬರ್ತಿದೆ, ಏನೋ ತಪ್ಪಿದೆ" ಅಂದರು. ನನ್ನ ಮಾನಿಟರಿನಲ್ಲಿ ಮೂರೂ ಇದ್ದವು. ಅವರದೂ 1920 ಗುಣಿಸು 1080, ನನ್ನದೂ ಅಷ್ಟೇ. ಅರ್ಧ ದಿನ ಕೋಡ್ ಹುಡುಕಿದೆವು. ಕೊನೆಗೆ ಗೊತ್ತಾಯಿತು, ಅವರ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ದೊಡ್ಡದಾಗಿ ತೋರಿಸುವ ಸ್ಕೇಲಿಂಗ್ ಶೇಕಡ 125ಕ್ಕೆ ಇತ್ತು. 1920ನ್ನು 1.25ರಿಂದ ಭಾಗಿಸಿದರೆ 1536. ಗಾಜಿನ ಮೇಲೆ 1920 ಚುಕ್ಕಿ ಇದ್ದರೂ ವೆಬ್‌ಸೈಟಿಗೆ ಸಿಕ್ಕಿದ ಅಗಲ 1536 ಮಾತ್ರ. ಮೂರನೇ ಕಾಲಂ ಬರುವುದು 1600 ದಾಟಿದ ಮೇಲೆ. ಕೋಡಿನಲ್ಲಿ ತಪ್ಪೇ ಇರಲಿಲ್ಲ. ತಪ್ಪಿದ್ದದ್ದು ನನ್ನ "ಪರದೆ" ಅನ್ನುವ ಪದದಲ್ಲಿ.

ಆ ಒಂದು ಪದದ ಮೇಲೆ ನಾನು ಮೂರು ಬೇರೆ ಬೇರೆ ವಸ್ತುಗಳನ್ನು ಹೇರಿದ್ದೆ. ಮೇಜಿನ ಮೇಲಿಡುವ ಪೆಟ್ಟಿಗೆ ಒಂದು. ಅದರ ಮೈಮೇಲೆ ಬೆಳಗುವ ಚುಕ್ಕಿಗಳ ಹಾಸು ಇನ್ನೊಂದು. ಬ್ರೌಸರ್ ಒಳಗೆ ಪುಟ ಕಾಣಿಸಿಕೊಳ್ಳಲು ಸಿಗುವ ಜಾಗ ಮತ್ತೊಂದು. ಮಾನಿಟರ್ ಕೊಳ್ಳುವವರಿಗೆ ಮೊದಲನೆಯದು ಮುಖ್ಯ, ಟೆಸ್ಟ್ ಮಾಡುವವರಿಗೆ ಮೂರೂ ಬೇಕು. ಹಾಗಾಗಿ ಮೂರಕ್ಕೂ ಬೇರೆ ಪದ ಇರಲೇಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಪೆಟ್ಟಿಗೆಗೆ "ಮಾನಿಟರ್" ಸಾಕು. ಎಲ್ಲರ ಬಾಯಲ್ಲೂ ಇರುವ ಪದ. ಶಾಲೆಯಲ್ಲಿ ಕ್ಲಾಸ್ ಮಾನಿಟರ್ ಆಗಿದ್ದವರಿಗಂತೂ ಚಿಕ್ಕಂದಿನಿಂದ ಗೊತ್ತು. ಇದರ ಮೂಲ ಲ್ಯಾಟಿನ್, ಅಲ್ಲಿ ಇದರ ಅರ್ಥ ಎಚ್ಚರಿಸುವವನು, ಬುದ್ಧಿ ಹೇಳುವವನು. ಟೆಸ್ಟ್ ಮಾಡುವವರ ಮೇಜಿನ ಮೇಲೆ ಅದು ಮಾಡುವ ಕೆಲಸವೂ ಎಚ್ಚರಿಸುವುದೇ ಅಲ್ವಾ? ಇದನ್ನು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಬೆಳಗುವ ಚುಕ್ಕಿಗಳ ಹಾಸು ಅನ್ನುವುದಕ್ಕೆ "ತೆರೆ", "ಪರದೆ" ಎರಡೂ ಬಳಕೆಯಲ್ಲಿವೆ. ಬೆಳ್ಳಿತೆರೆ, ಕಿರುತೆರೆ ಆಗಲೇ ನೆಲೆಯಾಗಿರುವುದರಿಂದ ತೆರೆ ಕಿವಿಗೆ ಹಿತ. ಪರದೆ ಪಾರಸಿಯಿಂದ ಬಂದದ್ದಾದರೂ ಪೂರ್ತಿ ನಮ್ಮದಾಗಿದೆ. ಎರಡರಲ್ಲೂ ಮರೆಮಾಡುವ ಬಟ್ಟೆ ಅನ್ನುವ ಅರ್ಥ ಇದೆ, ತೋರಿಸುವ ಹಾಸು ಅನ್ನುವ ಅರ್ಥವೂ ಇದೆ. ನನಗೆ ತೆರೆ ಇಷ್ಟ. ಆದರೆ ಕೈಪಿಡಿಯಲ್ಲಿ ಕ್ರಿಯಾಪದವಾಗಿಯೂ "ತೆರೆ" ಸಾಲುಸಾಲಿಗೆ ಬರುತ್ತದೆ. "ಪುಟವನ್ನು ಎರಡನೇ ತೆರೆಯಲ್ಲಿ ತೆರೆಯಿರಿ" ಅಂತ ಬರೆದು ನೋಡಿ, ಓದುವವರು ಒಂದು ಕ್ಷಣ ನಿಲ್ಲುತ್ತಾರೆ. "ಪುಟವನ್ನು ಎರಡನೇ ಪರದೆಯಲ್ಲಿ ತೆರೆಯಿರಿ" ಅಂದರೆ ಸಲೀಸು. ಸೂಚನೆ ಕೊಡುವ ಬರಹದಲ್ಲಿ ನಿಲ್ಲಿಸುವ ಪದ ಬೇಡ. ಅದಕ್ಕೇ ಬೆಳಗುವ ಹಾಸು ಅನ್ನುವುದಕ್ಕೆ ಮಾತ್ರ "ಪರದೆ" ಉಳಿಸಿಕೊಳ್ಳುತ್ತಿದ್ದೇನೆ. ನಿಮಗೆ ಬೇರೆ ಅನ್ನಿಸಿದರೆ ಹೇಳಿ.

ನಿಜವಾದ ಕಷ್ಟ ಮೂರನೆಯದು. ವ್ಯೂಪೋರ್ಟ್.

ಇದಕ್ಕೆ "ನೋಟದ ಪ್ರದೇಶ", "ದೃಶ್ಯ ಕ್ಷೇತ್ರ" ಅಂತೆಲ್ಲ ಬರೆದು ನೋಡಿದೆ. ಯಾವುದೂ ಬಾಯಿಗೆ ಹತ್ತಲಿಲ್ಲ. "ಕಿಟಕಿ" ಅನ್ನೋಣ ಅಂದರೆ ಅದು ವಿಂಡೋಗೆ ಆಗಲೇ ಹೋಗಿದೆ. ವಿಂಡೋ ಅಂದರೆ ಟ್ಯಾಬು, ವಿಳಾಸದ ಪಟ್ಟಿ ಎಲ್ಲ ಸೇರಿದ ಪೂರ್ತಿ ಚೌಕಟ್ಟು. ವ್ಯೂಪೋರ್ಟ್ ಅದರ ಒಳಗಿನದು.

ಆಗ ಹೊಳೆದದ್ದು "ಕಿಂಡಿ". ಕಿಂಡಿ ಅಂದ ಕೂಡಲೇ ಅದರಾಚೆ ನೋಡುವಂಥದ್ದು ಏನೋ ಇದೆ, ಅದು ಕಿಂಡಿಗಿಂತ ದೊಡ್ಡದು, ಇಲ್ಲಿಂದ ಅದರ ಒಂದು ಭಾಗ ಮಾತ್ರ ಕಾಣುತ್ತಿದೆ ಅನ್ನುವ ಚಿತ್ರ ಮನಸ್ಸಿಗೆ ಬರುತ್ತದೆ. ವ್ಯೂಪೋರ್ಟ್ ಅಂದರೆ ಅದೇ. ಪುಟ ಉದ್ದಕ್ಕಿದೆ, ನಾವು ಸ್ಕ್ರೋಲ್ ಮಾಡಿದಾಗ ಕಿಂಡಿಯ ಹಿಂದೆ ಪುಟ ಸರಿಯುತ್ತದೆ. ಫೋನಿನಲ್ಲಿ ಕೆಳಕ್ಕೆ ಸ್ಕ್ರೋಲ್ ಮಾಡಿದರೆ ವಿಳಾಸದ ಪಟ್ಟಿ ಮಾಯವಾಗಿ ಕಿಂಡಿ ಎತ್ತರವಾಗುತ್ತದೆ. ಪುಟ ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ ಚಿಕ್ಕ ವ್ಯೂಪೋರ್ಟ್, ದೊಡ್ಡ ವ್ಯೂಪೋರ್ಟ್ ಅಂತ ಬೇರೆ ಬೇರೆ ಅಳತೆಗಳೇ ಇವೆ. "ಕಿರುಕಿಂಡಿ", "ಹಿರಿಕಿಂಡಿ" ಅಂದರೆ ಮುಗಿಯಿತು, ಇನ್ನು ವಿವರಿಸುವ ಕೆಲಸವೇ ಇಲ್ಲ.

ಇನ್ನೊಂದು ಕಡೆ ಹಾಕಿ ನೋಡಿದೆ. ಎಲ್ಲರಿಗೂ ಎಟುಕುವಂತೆ ವೆಬ್ ಇರಬೇಕು ಅನ್ನುವ ಡಬ್ಲ್ಯೂಸಿಎಜಿ 2.1 ನಿಯಮಗಳು 2018ರಲ್ಲಿ ಬಂದವು. ಅದರ ಪ್ರಕಾರ 320 ಪಿಕ್ಸೆಲ್ ಅಗಲದಲ್ಲೂ ಓದುವವರು ಅಡ್ಡಡ್ಡ ಸ್ಕ್ರೋಲ್ ಮಾಡುವ ಹಾಗಾಗಬಾರದು. ಇದು ಫೋನಿನವರಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 1280 ಅಗಲದ ಕಿಟಕಿಯನ್ನು ಕಣ್ಣು ಮಂಜಾದವರು ಶೇಕಡ 400ಕ್ಕೆ ಜೂಮ್ ಮಾಡಿದರೂ ಸಿಗುವುದು ಅದೇ 320. ಇದನ್ನು "ಮಾನಿಟರ್ ಅದೇ, ಪರದೆ ಅದೇ, ಕಿಂಡಿ ಮಾತ್ರ 320ಕ್ಕೆ ಇಳಿಯಿತು" ಅಂತ ಬರೆದೆ. ಹಿಂದೆ ಒಂದು ಪ್ಯಾರಾ ಹಿಡಿಯುತ್ತಿದ್ದ ಮಾತು ಒಂದು ಸಾಲಿಗೆ ಬಂತು. ಆ ಸಾಲು ಬರೆದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇನ್ನು ಪಿಕ್ಸೆಲ್. ಚಿತ್ರ ಅನ್ನುವುದರ ಇಂಗ್ಲಿಷ್ ಚುಟುಕು ರೂಪ "ಪಿಕ್ಸ್"ಗೆ, ಅಂಶ ಅನ್ನುವ ಅರ್ಥದ "ಎಲಿಮೆಂಟ್" ಪದದ ಮೊದಲ ತುಣುಕು ಅಂಟಿಸಿ ಮಾಡಿದ ಪದ ಇದು. 1965ರಲ್ಲಿ ಅಚ್ಚಿನಲ್ಲಿ ಬಳಸಿದವರು ಫ್ರೆಡರಿಕ್ ಬಿಲ್ಲಿಂಗ್ಸ್‌ಲಿ, ಬಾಹ್ಯಾಕಾಶದಿಂದ ಬಂದ ಚಿತ್ರಗಳ ಮೇಲೆ ಕೆಲಸ ಮಾಡುತ್ತಿದ್ದವರು. ಅಲ್ಲಿ ಪಿಕ್ಸೆಲ್ ಅಂದರೆ ಚಿತ್ರದ ಒಂದು ಚುಕ್ಕಿ. ಆದರೆ ವೆಬ್ ಬರೆಯುವವರ ಪಿಕ್ಸೆಲ್ ಬೇರೆ. ಅದು ಇಂಚಿನ 96ನೇ ಒಂದು ಪಾಲು, ಅದನ್ನು 28 ಇಂಚು ದೂರದಿಂದ ನೋಡಿದಾಗ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟು. 28 ಇಂಚು ಯಾಕೆ ಅಂದರೆ ಕೈ ಚಾಚಿದಷ್ಟು ದೂರ ಅಂತ ಲೆಕ್ಕ. ನಮ್ಮ ಮೊಳ, ಗೇಣು, ಮಾರಿನ ಹಾಗೆ ಇದೂ ಮೈಯಿಂದ ಹುಟ್ಟಿದ ಅಳತೆ!

2010ರಲ್ಲಿ ಐಫೋನ್ 4 ಬಂದಾಗ ಈ ಎರಡು ಅರ್ಥ ಎಲ್ಲರ ಕಣ್ಣಿಗೂ ಬಿತ್ತು. ಅದಕ್ಕೂ ಮುಂಚಿನ ಐಫೋನಿನಲ್ಲಿ 320 ಗುಣಿಸು 480 ಚುಕ್ಕಿ ಇದ್ದವು. ಅದೇ 3.5 ಇಂಚಿನಲ್ಲಿ ಇದಕ್ಕೆ 640 ಗುಣಿಸು 960. ವೆಬ್‌ಸೈಟಿಗೆ ಮಾತ್ರ ಅಗಲ ಮೊದಲಿನ ಹಾಗೆ 320 ಅಂತಲೇ ಹೇಳುತ್ತಿತ್ತು. ಒಂದು ಪಿಕ್ಸೆಲ್ ಜಾಗದಲ್ಲಿ ನಾಲ್ಕು ಚುಕ್ಕಿ ಕೂತವು. ಈ ವಾಕ್ಯವನ್ನು ಎರಡೂ ಕಡೆ "ಪಿಕ್ಸೆಲ್" ಇಟ್ಟು ಬರೆದರೆ ಅರ್ಥವೇ ಆಗುವುದಿಲ್ಲ. ಹಾಗಾಗಿ ಗಾಜಿನ ಮೇಲಿನದಕ್ಕೆ "ಚುಕ್ಕಿ", ಕೋಡಿನ ಅಳತೆಗೆ "ಪಿಕ್ಸೆಲ್" ಅಂತ ಹಂಚಿದ್ದೇನೆ. ಇದರಲ್ಲಿ ಒಂದು ಎಡವಟ್ಟಿದೆ, ಮಾನಿಟರ್ ಡಬ್ಬದ ಮೇಲೆ ಬರೆಯುವ ಪಿಕ್ಸೆಲ್ ನಮ್ಮ ಲೆಕ್ಕದಲ್ಲಿ ಚುಕ್ಕಿ ಆಗುತ್ತದೆ. ಅಷ್ಟನ್ನು ಮೊದಲ ಪುಟದಲ್ಲೇ ಹೇಳಿಬಿಟ್ಟರೆ ಸಾಕೇ?

ಚುಕ್ಕಿಗಳು ಎಷ್ಟು ಒತ್ತೊತ್ತಾಗಿವೆ ಅನ್ನುವುದಕ್ಕೆ ಪುಸ್ತಕಗಳಲ್ಲಿ "ಸಾಂದ್ರತೆ" ಅಂತ ಇದೆ. ವಿಜ್ಞಾನದ ಪಾಠ ನೆನಪಾಗುತ್ತದೆ. "ದಟ್ಟಣೆ" ಅಂದರೆ ವಾಹನಗಳ ನೆನಪು. "ಒತ್ತು" ಚೆನ್ನಾಗಿತ್ತು, ಆದರೆ ಕನ್ನಡದ ಪುಟ ಟೆಸ್ಟ್ ಮಾಡುವಾಗ ನಾವು ಹೆಚ್ಚು ಹೊತ್ತು ನೋಡುವುದೇ ಒತ್ತಕ್ಷರಗಳನ್ನು. "ಒತ್ತು ಕಡಿಮೆ ಇರುವ ಪರದೆಯಲ್ಲಿ ಒತ್ತು ನೋಡಿ" ಅಂತ ಬರೆಯಲಾಗುವುದಿಲ್ಲ. ಹಾಗಾಗಿ ಪದವೇ ಬೇಡ ಅಂದುಕೊಂಡೆ. "ಇಂಚಿಗೆ 92 ಚುಕ್ಕಿ" ಅಂತ ನೇರವಾಗಿ ಬರೆಯುತ್ತೇನೆ. 24 ಇಂಚಿನ ಸಾಮಾನ್ಯ ಫುಲ್ ಎಚ್‌ಡಿ (1920 ಗುಣಿಸು 1080) ಮಾನಿಟರಿನ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ. 27 ಇಂಚಿನ 4ಕೆ (3840 ಗುಣಿಸು 2160) ಆದರೆ ಇಂಚಿಗೆ 163. ಈ 24, 27 ಅನ್ನುವುದು ಅಗಲ ಅಲ್ಲ, ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. "ಕರ್ಣ" ಅಂತ ಬರೆದರೆ ಕಿವಿ ಅಂದುಕೊಳ್ಳುವವರೂ ಇರುತ್ತಾರೆ, ಅಲ್ಲೂ ಬಿಡಿಸಿಯೇ ಬರೆದಿದ್ದೇನೆ.

ಈ ಸಂಖ್ಯೆ ಕನ್ನಡದವರಿಗೆ ಯಾಕೆ ಅಷ್ಟು ಮುಖ್ಯ ಅಂತ ನೋಡಬೇಕಿದ್ದರೆ "ರಾಷ್ಟ್ರ", "ಸ್ತ್ರೀ", "ಲಕ್ಷ್ಮಿ" ಅಂತ 13 ಪಿಕ್ಸೆಲ್ ಗಾತ್ರದಲ್ಲಿ ಬರೆದು ಎರಡೂ ಮಾನಿಟರ್ ಅಕ್ಕಪಕ್ಕ ಇಡಿ. ಇಂಚಿಗೆ 163 ಇರುವ ಕಡೆ ಸ್ಕೇಲಿಂಗ್ ಶೇಕಡ 150ಕ್ಕೆ ಇಟ್ಟರೆ ಕೆಳಗಿನ ಎರಡೂ ಒತ್ತು ಬಿಡಿಬಿಡಿಯಾಗಿ ನಿಲ್ಲುತ್ತವೆ. 92 ಇರುವ ಕಡೆ "ರಾಷ್ಟ್ರ"ದ ಟ ಒತ್ತು, ರ ಒತ್ತು ಎರಡೂ ಕೂಡಿಕೊಂಡು ಒಂದು ಕಪ್ಪು ಗಂಟಾಗುತ್ತವೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಬಿಗಿಯಾಗಿ ಇಟ್ಟಿದ್ದರೆ ಬಟನ್ ಒಳಗಿನ ಬರಹದಲ್ಲಿ ಕೆಳಗಿನ ಒತ್ತು ಕತ್ತರಿಸಿಯೇ ಹೋಗುತ್ತದೆ. ಅದಕ್ಕೇ ನಾನು ಪ್ರತಿ ಸಲ ಹೇಳುವುದು, ಒಳ್ಳೆ ಮಾನಿಟರ್ ಒಂದೇ ಸಾಲದು, ಸಾದಾ ಮಾನಿಟರ್ ಒಂದು ಇರಲೇಬೇಕು.

"ಸಾದಾ" ಅಂತ ಬೇಕೆಂದೇ ಬರೆದೆ. ಕಡಿಮೆ ಶಕ್ತಿಯ ಯಂತ್ರಗಳಿಗೆ "ಕೆಳದರ್ಜೆಯ" ಅಂತ ಬರೆಯುವ ರೂಢಿ ಇದೆ. ನನಗೆ ಮನಸ್ಸು ಒಪ್ಪುವುದಿಲ್ಲ. 4 ಜಿಬಿ ಮೆಮೊರಿಯ ಲ್ಯಾಪ್‌ಟಾಪು, ನಾಲ್ಕು ವರ್ಷ ಹಳೆಯ ಫೋನು ನಮ್ಮ ಓದುಗರ ಕೈಯಲ್ಲಿರುವ ಸಾಧನಗಳು. ಅವರಿಗಾಗಿಯೇ ಅಲ್ವಾ ಟೆಸ್ಟ್ ಮಾಡುವುದು? ಕೋಡ್ ಬರೆಯುವವರ ಯಂತ್ರ ಯಾವಾಗಲೂ ಜಾಸ್ತಿ ವೇಗದ್ದು, ಅದರಲ್ಲಿ ನಿಧಾನ ಅನ್ನುವುದು ಗೊತ್ತೇ ಆಗುವುದಿಲ್ಲ.

ಉಳಿದವನ್ನು ಬೇಗ ಹೇಳುತ್ತೇನೆ. ಹಾರ್ಡ್‌ವೇರ್‌ಗೆ "ಯಂತ್ರಾಂಶ" ನಿಂತಿದೆ, ಸರಿ. ಆದರೆ ಒಂದು ಕೇಬಲ್ ತೋರಿಸಿ ಯಂತ್ರಾಂಶ ಅನ್ನಲು ನಾಲಿಗೆ ಏಳುವುದಿಲ್ಲ, ಅಲ್ಲಿ "ಸಾಮಾನು" ಅಂತ ಹಾಕಿದ್ದೇನೆ. "ರಿಫ್ರೆಶ್ ರೇಟ್" ಅನ್ನು ಹಾಗೇ ಬಿಟ್ಟರೆ ಪುಟ ಎಷ್ಟು ಸಲ ರಿಫ್ರೆಶ್ ಆಗುತ್ತದೆ ಅಂತ ಓದುಗರು ತಿಳಿಯುತ್ತಾರೆ, ಹಾಗಾಗಿ "ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ" ಅಂತ ಬಿಡಿಸಿದ್ದೇನೆ. ಕಾಂಟ್ರಾಸ್ಟ್‌ಗೆ "ವೈದೃಶ್ಯ" ಅಂತ ನಿಘಂಟು ಹೇಳುತ್ತದೆ. ಮಾತಿನಲ್ಲಿ ನಾವು ಹೇಳುವುದು "ಎದ್ದು ಕಾಣ್ತಿಲ್ಲ" ಅಂತ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1 ಇರಬೇಕು ಅನ್ನುವ ನಿಯಮ ಬರೆಯುವಾಗ ನಾಮಪದ ಬೇಕೇ ಬೇಕು. "ಎದ್ದುಕಾಣಿಕೆ" ಅನ್ನಬಹುದಾ?

ಟೆಸ್ಟಿಂಗ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. "ಪರೀಕ್ಷೆ" ಅಂದರೆ ಪಾಸು, ಫೇಲು. "ತಪಾಸಣೆ" ಅಂದರೆ ಯಾರೋ ಕಳ್ಳತನ ಮಾಡಿದ್ದಾರೆ ಅನ್ನುವ ಅನುಮಾನ. ಬಾಯಿಮಾತಿಗೆ "ಟೆಸ್ಟ್ ಮಾಡು" ಇರಲಿ. ಆದರೆ "ಒರೆಗೆ ಹಚ್ಚು" ಅನ್ನುವುದನ್ನು ಒಂದು ಕಡೆಗಾದರೂ ಉಳಿಸಿಕೊಳ್ಳಬೇಕು ಅನ್ನಿಸುತ್ತದೆ. ಕಲ್ಲಿನ ಮೇಲೆ ಚಿನ್ನ ಉಜ್ಜಿ, ಆ ಗೆರೆಯನ್ನು ಗೊತ್ತಿರುವ ಚಿನ್ನದ ಗೆರೆಯ ಜೊತೆ ಹೋಲಿಸುವುದು ಒರೆ. ಬಣ್ಣ ಸರಿಯಾಗಿ ಹೊಂದಿಸಿಟ್ಟ ಮಾನಿಟರ್ ಮಾಡುವುದೂ ಅದನ್ನೇ. ಬೇರೆ ಕಡೆ ಕಂಡ ಬಣ್ಣ ನಿಜವೋ ಅಲ್ಲವೋ ಅಂತ ಅದರ ಪಕ್ಕ ಇಟ್ಟು ನೋಡುತ್ತೇವೆ. ಅದಕ್ಕೆ "ಒರೆ ಮಾನಿಟರ್" ಅಂತ ಬರೆದಿದ್ದೇನೆ, ಅದರ ಜೊತೆಗೆ "ಸಾದಾ ಮಾನಿಟರ್". ಈ ಜೋಡಿ ಓದಿದ ತಕ್ಷಣ ಅರ್ಥವಾಗುತ್ತದಾ?

ಎಲ್ಲಕ್ಕಿಂತ ಹೆಚ್ಚಾಗಿ ಕಿಂಡಿಯ ಬಗ್ಗೆ ನಿಮ್ಮ ಮಾತು ಕೇಳಬೇಕು. ನನಗೆ ಒಂದೇ ಅಳುಕು. ಕಿಂಡಿ ಅಂದರೆ ಚಿಕ್ಕದು ಅನ್ನುವ ಭಾವ ಅದರೊಳಗೇ ಇದೆ. 320 ಅಗಲಕ್ಕೆ ಸರಿ. 27 ಇಂಚಿನ ಮಾನಿಟರಿನಲ್ಲಿ ಬ್ರೌಸರನ್ನು ಪೂರ್ತಿ ಹರಡಿ, "ಈಗ ಕಿಂಡಿ 2560 ಪಿಕ್ಸೆಲ್ ಅಗಲ ಇದೆ" ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?