ನಾಲ್ಕೂವರೆ ತಿಂಗಳ ಮುಧೋಳ ಮರಿಗೆ ಮುಂಗಾಲು ಸೊಟ್ಟ ಆಗುತ್ತಿದೆ, ಏನು ಮಾಡಲಿ?

ತೋಟದ ಮನೆ, ಹೊಸನಗರ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕಿನ ನಗರ ಅನ್ನುವ ಊರಿನ ಹತ್ತಿರ ಎರಡೂವರೆ ಎಕರೆ ಅಡಿಕೆ ತೋಟ. ಒಂಟಿ ಮನೆ, ಸುತ್ತ ಕಾಡು. ಹೋದ ದೀಪಾವಳಿ ಆದ ಮುಂದಿನ ವಾರ ನಮ್ಮ ಹಳೆ ನಾಯಿ ಕರಿಯನನ್ನು ಚಿರತೆ ಅಂಗಳದಿಂದಲೇ ಎತ್ತಿಕೊಂಡು ಹೋಯಿತು. ಅವನು ಹೋದ ಮೇಲೆ ಮಂಗ, ಮುಸಿಯ (ಕಪ್ಪು ಮುಖದ ಕೋತಿ) ತೋಟಕ್ಕೆ ಇಳಿಯುವುದಕ್ಕೆ ಹೊತ್ತುಗೊತ್ತು ಇಲ್ಲ. ಕಚ್ಚಿ ಬಿಸಾಡಿದ ಎಳೆ ಅಡಿಕೆಯನ್ನು ಮರದ ಬುಡದಲ್ಲಿ ನೋಡಿದರೆ ಹೊಟ್ಟೆ ಉರಿಯುತ್ತೆ.

ಈ ಸಲ ಒಳ್ಳೆ ಜಾತಿ ನಾಯಿಯೇ ಬೇಕು ಅಂತ ನಮ್ಮ ಯಜಮಾನರು 45 ದಿನದ ಮುಧೋಳ ಹೆಣ್ಣುಮರಿ ತಂದರು. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ, ಸೈನ್ಯದವರೂ ತಗೊಂಡಿದ್ದಾರೆ, ಮಂಗ ಓಡಿಸುವುದು ಅದಕ್ಕೆ ದೊಡ್ಡದಲ್ಲ ಅಂತ ಅವರ ಲೆಕ್ಕ. ಎಂಟು ಸಾವಿರ ಕೊಟ್ಟೆವು. ಎದೆ ಮೇಲೆ ಬಿಳಿ ಬೊಟ್ಟು ಇದೆ, ಅದಕ್ಕೆ ಚುಕ್ಕಿ ಅಂತ ಹೆಸರು.

ಮೂರು ತಿಂಗಳಿದ್ದಾಗ ತೋಟದ ಸಂಕ (ಕಾಲುಸೇತುವೆ) ದಾಟುವಾಗ ಅವಳ ಬಲಗಾಲು ಎರಡು ಅಡಿಕೆ ದಬ್ಬೆ ನಡುವೆ ಸಿಕ್ಕಿಕೊಂಡಿತು. ನಾನೇ ಬಿಡಿಸಿದ್ದು. ಜೋರು ಮಳೆ, ಅವಳು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ನಾಲ್ಕು ದಿನ ಕುಂಟಿದಳು, ಆಮೇಲೆ ಸರಿಯಾದಳು. ಗಾಯ ಇಲ್ಲ, ಬಾವು ಇಲ್ಲ. ನಾವು ಮರೆತೇಬಿಟ್ಟೆವು.

ಈಗ ಮೂರು ವಾರದಿಂದ ಆ ಕಾಲಿನ ಮಣಿಕಟ್ಟು ಒಳಗೆ ಬಾಗಿ ಪಾದ ಹೊರಗೆ ತಿರುಗುತ್ತಿದೆ. ಅಂಗಳದ ಕೆಸರಿನಲ್ಲಿ ಹೆಜ್ಜೆ ನೋಡಿದರೆ ಗೊತ್ತಾಗುತ್ತೆ. ಮೂರು ಪಾದ ನೇರ ಬಿದ್ದಿರುತ್ತೆ, ಒಂದು ಓರೆ. ಆ ಓರೆ ಹೆಜ್ಜೆಯಲ್ಲಿ ಒಳಗಡೆಯ ಎರಡು ಬೆರಳು ಮಾತ್ರ ಆಳ. ಹೊರಗಡೆ ಬೆರಳು ಮೂಡಿಯೇ ಇಲ್ಲ.

ಮಾರಿದವರಿಗೆ ಫೋನ್ ಮಾಡಿದೆವು. ವಾಪಸ್ ತಂದುಕೊಡಿ, ಬೇರೆ ಮರಿ ಕೊಡ್ತೀನಿ ಅಂದರು. ಇದನ್ನು ಏನು ಮಾಡ್ತೀರಿ ಅಂತ ಕೇಳಿದೆ. "ಅದೆಲ್ಲ ನಿಮಗ್ಯಾಕಮ್ಮ" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಮಾವ ಹೇಳುವುದೂ ಸುಳ್ಳಲ್ಲ, ಕೆಲಸಕ್ಕೆ ಅಂತ ತಂದ ನಾಯಿ, ಓಡಲಿಕ್ಕೇ ಆಗದಿದ್ದರೆ ತೋಟ ಕಾಯುವವರು ಯಾರು? ಏಳನೇ ಕ್ಲಾಸಿನ ಮಗ ಮಾತ್ರ ಇದನ್ನು ಕೊಡುವ ಮಾತೆತ್ತಿದರೆ ಊಟ ಬಿಡುತ್ತಾನೆ.

ಕ್ಯಾಲ್ಸಿಯಂ ಟಾನಿಕ್ ಹಾಕುತ್ತಿದ್ದೇವೆ, ಬಿಸಿಲಿಗೆ ಕಟ್ಟುತ್ತಿದ್ದೇವೆ. ಬಿದಿರಿನ ದಬ್ಬೆ ಕಟ್ಟಿ ಅಂತ ಪಕ್ಕದ ಮನೆಯವರು ಹೇಳಿದರು, ನನಗೆ ಧೈರ್ಯ ಬರಲಿಲ್ಲ. ತಾನಾಗಿ ನೆಟ್ಟಗಾಗುತ್ತಾ? ಆಪರೇಷನ್ ಮಾಡಿಸಿದರೆ ಮುಂದೆ ತೋಟದ ಕೆಲಸಕ್ಕೆ ಆಗುತ್ತಾಳಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಆನಂದಪುರದ ರೈತ

ವಾಪಸ್ ಕೊಟ್ಟು ಬೇರೆ ತನ್ನಿ ಅಕ್ಕ. ಕಷ್ಟದ ಮಾತು, ಗೊತ್ತು. ಆದರೆ ಕಾಲಿಲ್ಲದ ನಾಯಿಯನ್ನು ಕಾಡಂಚಿನಲ್ಲಿ ಇಟ್ಟುಕೊಂಡರೆ ಚಿರತೆ ಬಾಯಿಗೆ ಇಟ್ಟ ಹಾಗೆ. ನಾನು ಹಾಗೆ ಒಂದು ಕಳೆದುಕೊಂಡಿದ್ದೇನೆ.

ಊರ ಪಶುವೈದ್ಯ

ತಂಗಿ, ನೀವು ಬರೆದಿದ್ದರಲ್ಲಿ ಸಂಕದ ವಿಷಯವೇ ಮುಖ್ಯ. ಒಂದೇ ಕಾಲು ಸೊಟ್ಟ, ಅದೂ ಪೆಟ್ಟು ಬಿದ್ದ ಕಾಲೇ. ಆಹಾರದ ಕೊರತೆ ಆಗಿದ್ದರೆ ಸಾಮಾನ್ಯವಾಗಿ ಎರಡೂ ಮುಂಗಾಲು ಬಾಗುತ್ತವೆ.

ನಾಯಿಯ ಮುಂಗಾಲಿನ ಕೆಳಭಾಗದಲ್ಲಿ ರೇಡಿಯಸ್, ಅಲ್ನಾ ಅಂತ ಎರಡು ಎಲುಬು ಜೊತೆಜೊತೆಯಲ್ಲಿ ಬೆಳೆಯುತ್ತವೆ. ಎಲುಬು ಉದ್ದ ಆಗುವುದು ತುದಿಯ ಹತ್ತಿರ ಇರುವ ಎಳೆ ಪದರದಿಂದ. ಅಲ್ನಾದ ಉದ್ದದಲ್ಲಿ ನೂರಕ್ಕೆ 85ರಷ್ಟು ಮಣಿಕಟ್ಟಿನ ಹತ್ತಿರದ ಪದರದಿಂದಲೇ ಬರುತ್ತೆ. ನಾಯಿಯಲ್ಲಿ ಆ ಪದರ ಶಂಕುವಿನ ಹಾಗೆ ಚೂಪಾಗಿದೆ. ಪಕ್ಕದಿಂದ ಪೆಟ್ಟು ಬಿದ್ದರೆ ಅಲ್ಲೇ ಜಜ್ಜಿಹೋಗುತ್ತೆ. ಹೊರಗೆ ಏನೂ ಕಾಣಲ್ಲ. ಅಲ್ನಾ ಬೆಳೆಯುವುದು ನಿಲ್ಲುತ್ತೆ, ರೇಡಿಯಸ್ ಬೆಳೆಯುತ್ತಲೇ ಇರುತ್ತೆ. ಗಿಡ್ಡ ಎಲುಬು ಬಿಲ್ಲಿನ ಹಗ್ಗದ ಹಾಗೆ ಬಿಗಿಯಾಗಿ ಎಳೆಯುತ್ತೆ, ಉದ್ದದ್ದು ಬಾಗುತ್ತೆ. ನಿಮ್ಮ ಮರಿಗೆ ಹೀಗೇ ಆಗಿದೆ ಅಂತ ಎಕ್ಸ್‌ರೇ ನೋಡದೆ ಹೇಳಲಾರೆ, ಆದರೆ ನನ್ನ ಅನುಮಾನ ಇದೇ.

ಹಾಗಿದ್ದರೆ ತಾನಾಗಿ ನೆಟ್ಟಗಾಗಲ್ಲ. ಬೆಳೆದಷ್ಟೂ ಜಾಸ್ತಿ ಆಗುತ್ತೆ, ಮೊಣಕೈ ಕೀಲೂ ಜಾಗ ತಪ್ಪುತ್ತೆ. ಮರಿ ಇನ್ನೂ ಬೆಳೆಯುತ್ತಿರುವಾಗಲೇ ಅಲ್ನಾದ ಒಂದು ತುಂಡು ಕತ್ತರಿಸಿ ತೆಗೆದು ಆ ಬಿಗಿ ಬಿಡಿಸುತ್ತಾರೆ. ತುಂಡು ಮತ್ತೆ ಕೂಡಿಕೊಳ್ಳದ ಹಾಗೆ ಮಧ್ಯೆ ಅವಳದೇ ಮೈಯ ಕೊಬ್ಬು ಇಡುತ್ತಾರೆ. ಆಮೇಲೆ ರೇಡಿಯಸ್ ಬೆಳೆಯುತ್ತಾ ಸ್ವಲ್ಪ ಮಟ್ಟಿಗೆ ತಾನೇ ನೇರ ಆಗುತ್ತೆ. ಬೆಳವಣಿಗೆ ಮುಗಿದ ಮೇಲೆ ಮಾಡಬೇಕಾದರೆ ರೇಡಿಯಸ್ಸನ್ನೇ ಕತ್ತರಿಸಿ ಪ್ಲೇಟ್ ಹಾಕಬೇಕು, ಅದು ದೊಡ್ಡ ಕೆಲಸ. ನಿಮ್ಮ ಮರಿಗೆ ನಾಲ್ಕೂವರೆ ತಿಂಗಳು. ಕಾಯಬೇಡಿ, ಈ ವಾರವೇ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎರಡೂ ಮುಂಗಾಲಿನ ಎಕ್ಸ್‌ರೇ ಕೇಳಿ, ಮೊಣಕೈ ಸೇರಿಸಿ. ಒಳ್ಳೆ ಕಾಲಿನ ಜೊತೆ ಇಟ್ಟು ನೋಡಿದರೇ ವ್ಯತ್ಯಾಸ ತಿಳಿಯುವುದು.

ಕ್ಯಾಲ್ಸಿಯಂ ಟಾನಿಕ್ ಇವತ್ತೇ ನಿಲ್ಲಿಸಿ. ಎಳೆ ಮರಿಯ ಕರುಳಿಗೆ ಜಾಸ್ತಿ ಆದ ಕ್ಯಾಲ್ಸಿಯಂ ಬೇಡ ಅನ್ನಲು ಬರಲ್ಲ, ಅದರಿಂದಲೂ ಎಲುಬು ಕೆಡುತ್ತೆ. ಬಿಸಿಲಿಗೆ ಕಟ್ಟುವುದರಿಂದ ಲಾಭ ಇಲ್ಲ, ನಮ್ಮ ಹಾಗೆ ನಾಯಿಯ ಚರ್ಮ ಸಾಕಷ್ಟು ವಿಟಮಿನ್ ಡಿ ಮಾಡಲ್ಲ. ಅದಕ್ಕೆ ಊಟದಿಂದಲೇ ಸಿಗಬೇಕು. ಬರೀ ಹಾಲು ಅನ್ನ ಹಾಕುತ್ತಿದ್ದರೆ ದೊಡ್ಡ ಜಾತಿ ಮರಿಗಳ ಆಹಾರಕ್ಕೆ ಬದಲಾಯಿಸಿ. ಇನ್ನೊಂದು, ನೋವು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಬ್ರೂಫೆನ್, ಡೈಕ್ಲೋಫೆನಾಕ್ ಯಾವುದನ್ನೂ ಕೊಡಬೇಡಿ. ಹಾಗೆ ಕೊಟ್ಟು ಸತ್ತ ನಾಯಿಗಳನ್ನು ನೋಡಿದ್ದೇನೆ. ದಬ್ಬೆ ಕಟ್ಟದಿದ್ದುದು ಒಳ್ಳೇದಾಯಿತು.

ಸಾಗರದ ಹಳಬ

ಡಾಕ್ಟ್ರು ಕಾಲಿನ ವಿಷಯ ಹೇಳಿದ್ದಾರೆ. ನಾನು ಕೆಲಸದ ವಿಷಯ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಮ್ಮ, ನಾಲ್ಕು ಕಾಲು ನೆಟ್ಟಗಿದ್ದರೂ ಚುಕ್ಕಿ ಮಂಗ ಓಡಿಸುವ ನಾಯಿ ಆಗುತ್ತಿರಲಿಲ್ಲ.

ಮುಧೋಳ ಬಯಲುಸೀಮೆ ನಾಯಿ. ಕಣ್ಣಿಗೆ ಕಂಡಿದ್ದನ್ನು ಅಟ್ಟಿಸಿಕೊಂಡು ಹೋಗುವ ಜಾತಿ, ಓಡಲಿಕ್ಕೆ ಬಯಲು ಬೇಕು. ನಮ್ಮ ತೋಟದಲ್ಲಿ ಎಲ್ಲಿದೆ ಬಯಲು? ನಾಲ್ಕು ಹೆಜ್ಜೆಗೊಂದು ಬಸಿಗಾಲುವೆ, ಮೇಲೆ ಸೋಗೆ ಬಿದ್ದು ಮುಚ್ಚಿರುತ್ತೆ. ಮರದ ಮೇಲಿನ ಮಂಗ ನೋಡುತ್ತಾ ಅಷ್ಟು ಜೋರಾಗಿ ಓಡಿದರೆ ಕಾಲು ಕಾಲುವೆಯೊಳಗೆ. ನನ್ನ ತಮ್ಮ ಹಾಗೇ ಒಂದರ ಕಾಲು ಮುರಿಸಿದ. ನಮ್ಮ ಊರ ನಾಯಿಗಳು ಹುಟ್ಟಿದ್ದೇ ಆ ಕಾಲುವೆ ಮಧ್ಯೆ. ನೋಡಿ, ಅವು ಓಡುವುದು ಕಡಿಮೆ, ಕೂಗುವುದು ಜಾಸ್ತಿ. ಮರದಿಂದ ಮರಕ್ಕೆ ಹಾರುವ ಮುಸಿಯನನ್ನು ನಾಯಿ ಹಿಡಿಯುವುದುಂಟಾ? ನಾಯಿ ಕೂಗುತ್ತೆ, ನಾವು ಕವಣೆ ಹಿಡಿದು ಹೋಗುತ್ತೇವೆ. ನಾನು ಮೂವತ್ತು ವರ್ಷದಿಂದ ನೋಡಿದ ತೋಟ ಕಾಯುವ ಕೆಲಸ ಇಷ್ಟೇ.

ವಾಪಸ್ ಕೊಟ್ಟರೆ ಅವರು ಕೊಡುವುದು ಇನ್ನೊಂದು ಮುಧೋಳವನ್ನೇ ಅಲ್ವಾ? ಅದನ್ನು ತಂದೂ ಇದೇ ಸಂಕ ದಾಟಿಸಬೇಕು. ಊರಲ್ಲೇ ಯಾರದಾದರೂ ಮನೆಯಲ್ಲಿ ಮರಿ ಹಾಕಿದ್ದರೆ ಒಂದು ತಂದು ಇದರ ಜೊತೆಗೆ ಬಿಡಿ. ಆನಂದಪುರದವರು ಹೇಳಿದ ಚಿರತೆ ಮಾತು ಮಾತ್ರ ಪೂರ್ತಿ ನಿಜ. ರಾತ್ರಿ ಎರಡೂ ಒಳಗೇ ಮಲಗಬೇಕು, ಹೊರಗೆ ಕಟ್ಟಿಹಾಕಿದ ನಾಯಿಗೆ ತಪ್ಪಿಸಿಕೊಳ್ಳಲಿಕ್ಕೂ ಆಗಲ್ಲ.

ತೋಟದ ಮನೆ, ಹೊಸನಗರ

ಬರೆದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟ್ರೇ, ನಿಮ್ಮ ಮಾತು ಓದಿದ ಮಾರನೇ ದಿನವೇ ಹೊರಟೆವು. ರಿಪ್ಪನ್‌ಪೇಟೆ, ಆಯನೂರು ಮೇಲೆ ಶಿವಮೊಗ್ಗ, ದಾರಿಯುದ್ದ ಮಗನ ತೊಡೆ ಮೇಲೆ ಮಲಗಿದ್ದಳು. ಎಕ್ಸ್‌ರೇ ಟೇಬಲ್ ಮೇಲೆ ಮಲಗಿಸಿದಾಗ ಒಂದು ಸಲವೂ ಹಲ್ಲು ತೋರಿಸಲಿಲ್ಲ, ಮೂಗು ನನ್ನ ಅಂಗೈಯೊಳಗೆ ಇಟ್ಟುಕೊಂಡೇ ಇದ್ದಳು.

ನೀವು ಹೇಳಿದ್ದೇ ಆಯಿತು. ಅಲ್ನಾದ ಪದರ ಮುಚ್ಚಿಹೋಗಿದೆ. ಎಡಗಾಲಿನಲ್ಲಿ ಅದೇ ಜಾಗದಲ್ಲಿ ಕಪ್ಪು ಗೆರೆ ಸ್ಪಷ್ಟವಾಗಿತ್ತು, ಬಲಗಾಲಿನಲ್ಲಿ ಗೆರೆಯೇ ಇಲ್ಲ. ನನ್ನ ಕಣ್ಣಿಗೇ ಕಂಡಿತು. ಮೊಣಕೈ ಇನ್ನೂ ಹಾಳಾಗಿಲ್ಲವಂತೆ. ಗುರುವಾರ ಆಪರೇಷನ್. ಪೂರ್ತಿ ನೆಟ್ಟಗಾಗುತ್ತೆ ಅಂತ ಮಾತು ಕೊಡಲ್ಲ, ನೋವಿಲ್ಲದೆ ನಡೆಯುವ ಹಾಗೆ ಆಗಬಹುದು ಅಂದರು. ನನಗೆ ಅಷ್ಟು ಸಾಕು.

ಮಾರಿದವರಿಗೆ ಫೋನ್ ಮಾಡಿ ವಾಪಸ್ ಕೊಡಲ್ಲ ಅಂತ ಹೇಳಿದೆ. ಹಳಬರು ಬರೆದಿದ್ದನ್ನು ಮಾವನಿಗೆ ಓದಿ ಹೇಳಿದೆ. ಬಸಿಗಾಲುವೆ ಮಾತು ಬಂದಾಗ ಅವರು ಎಲೆಅಡಿಕೆ ತಟ್ಟೆ ಕೆಳಗಿಟ್ಟು "ಹೌದು, ಕರಿಯ ಯಾವತ್ತೂ ಓಡಿದವನಲ್ಲ" ಅಂದರು. ನಿನ್ನೆ ಸಂಜೆ ಮೇಲಿನಮನೆಯವರ ನಾಯಿ ಮರಿ ಹಾಕಿದೆಯಾ ಅಂತ ತಾವೇ ಕೇಳಿಕೊಂಡು ಬಂದರು.

ಆರು ವಾರ ಓಡಿಸಬಾರದು, ಹಾರಿಸಬಾರದು ಅಂದಿದ್ದಾರೆ. ನಮ್ಮದು ರೆಡ್ ಆಕ್ಸೈಡ್ ನೆಲ, ಮಳೆಗಾಲದಲ್ಲಿ ಬೆವರಿ ಮನುಷ್ಯರೇ ಜಾರುತ್ತೇವೆ. ಜಗುಲಿಯಿಂದ ಅಡುಗೆಮನೆವರೆಗೆ ಗೋಣಿಚೀಲ ಹಾಸಿ, ಅಂಚಿಗೆ ಹೊಲಿಗೆ ಹಾಕಿದ್ದೇನೆ. ಆದರೂ ಅವಳು ಮೂಲೆ ಎತ್ತಿ ಎಳೆಯುತ್ತಾಳೆ. ಗೋಣಿ ಜಾರದ ಹಾಗೆ ಯಾರಾದರೂ ಏನಾದರೂ ಮಾಡಿದ್ದರೆ ಗುರುವಾರದೊಳಗೆ ತಿಳಿಸಿ.